ತೈಪೆ–ಶಾಂಘೈ ವಿಮಾನ ಮಾರ್ಗ

ತೈಪೆ ಮತ್ತು ಶಾಂಘೈ ಭೂಪಟದಲ್ಲಿ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ತೈಪೆಯಿಂದ ಸಮುದ್ರದ ಮೇಲೆ ನೆಟ್ಟಗೆ ಉತ್ತರಕ್ಕೆ ಸುಮಾರು 690 ಕಿ.ಮೀ. ಹಾರಿದರೆ ಶಾಂಘೈ. ಜೆಟ್ ವಿಮಾನಕ್ಕೆ ಒಂದೂವರೆ ಗಂಟೆಯೂ ಬೇಡ. ಇಷ್ಟು ಹತ್ತಿರದ ಈ ಊರುಗಳ ನಡುವಿನ ನೇರ ದಾರಿ ತೆರೆಯಲು ಸುಮಾರು ಆರು ದಶಕ ಹಿಡಿಯಿತು.

ಚೀನಾದ ಅಂತರ್ಯುದ್ಧದಲ್ಲಿ ಸೋತ ಕುವೊಮಿಂಟಾಂಗ್ ಸರ್ಕಾರ 1949ರ ಡಿಸೆಂಬರ್‌ನಲ್ಲಿ ತೈಪೆಗೆ ಬಂದು ನೆಲೆಸಿತು. ಆ ಹೊತ್ತಿನಲ್ಲಿ ಲಕ್ಷಾಂತರ ಸೈನಿಕರು, ನಿರಾಶ್ರಿತರು ತೈವಾನ್ ಜಲಸಂಧಿ ದಾಟಿದರು. ಅಂಚೆ, ಹಡಗು, ವಿಮಾನ ಮೂರರ ನೇರ ಸಂಪರ್ಕವೂ ಕಡಿದುಹೋಯಿತು. 1979ರ ಹೊಸ ವರ್ಷದಂದು ಬೀಜಿಂಗ್ ಈ ಕೊಂಡಿಗಳನ್ನು ಮತ್ತೆ ಜೋಡಿಸೋಣವೆಂದು ಕರೆ ಕೊಟ್ಟರೂ ತೈಪೆ ಒಪ್ಪಲಿಲ್ಲ.

ಮೌನ ಮುರಿದದ್ದು ಅನಿರೀಕ್ಷಿತವಾಗಿ. 1986ರ ಮೇ 3ರಂದು ತೈವಾನಿನ ಚೈನಾ ಏರ್‌ಲೈನ್ಸ್‌ನ ಸರಕು ವಿಮಾನವೊಂದನ್ನು ಅದರ ಕ್ಯಾಪ್ಟನ್ ವಾಂಗ್ ಷಿಜುಯೆ ಚೀನಾದ ಗುವಾಂಗ್‌ಝೌನಲ್ಲಿ ಇಳಿಸಿ, ಅಲ್ಲಿಯೇ ಉಳಿದುಬಿಟ್ಟರು. ವಿಮಾನವನ್ನೂ ಉಳಿದ ಇಬ್ಬರು ಸಿಬ್ಬಂದಿಯನ್ನೂ ವಾಪಸು ಪಡೆಯಲು ಎರಡೂ ಕಡೆಯ ವಿಮಾನಯಾನ ಪ್ರತಿನಿಧಿಗಳು ಹಾಂಗ್‌ಕಾಂಗಿನಲ್ಲಿ ಎದುರುಬದುರು ಕೂರಲೇಬೇಕಾಯಿತು.

ಮರುವರ್ಷದ ನವೆಂಬರ್‌ನಲ್ಲಿ ತೈವಾನ್ ತನ್ನ ಜನರಿಗೆ ಚೀನಾದಲ್ಲಿರುವ ಬಂಧುಗಳನ್ನು ನೋಡಿಬರಲು ಅನುಮತಿ ಕೊಟ್ಟಿತು. ಹರೆಯದಲ್ಲಿ ಮನೆ ಬಿಟ್ಟಿದ್ದ ಸೈನಿಕರು ತಲೆ ನರೆತ ಮೇಲೆ ಊರಿಗೆ ಹೊರಟರು. ಕೆಲವರ ಕೈಯಲ್ಲಿ ತೈವಾನಿನಲ್ಲೇ ತೀರಿಕೊಂಡ ಗೆಳೆಯರ ಚಿತಾಭಸ್ಮವಿತ್ತು. ಆದರೆ ದಾರಿ ನೇರವಿರಲಿಲ್ಲ. ಮೊದಲು ನೈಋತ್ಯಕ್ಕೆ 800 ಕಿ.ಮೀ. ಹಾರಿ ಹಾಂಗ್‌ಕಾಂಗ್ ಮುಟ್ಟಬೇಕು. ಅಲ್ಲಿ ಇಳಿದು, ಕಾದು, ಬೇರೆ ವಿಮಾನ ಹತ್ತಿ 1,200 ಕಿ.ಮೀ.ಗೂ ಹೆಚ್ಚು ದೂರ ಈಶಾನ್ಯಕ್ಕೆ ಹೋಗಬೇಕು. 690 ಕಿ.ಮೀ. ದೂರದ ಊರಿಗೆ 2,000 ಕಿ.ಮೀ. ಸುತ್ತು, ಬಹುತೇಕ ಇಡೀ ದಿನದ ಪ್ರಯಾಣ. ವಯಸ್ಸಾದವರಿಗೆ ಇದು ಸಣ್ಣ ಕಷ್ಟವಲ್ಲ. ತೊಂಬತ್ತರ ದಶಕದ ನಡುವೆ ಮಕಾವ್‌ನಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಿ ಹೋಗಲು ಇನ್ನೊಂದು ದಾರಿ ಸಿಕ್ಕಿತು, ಅಷ್ಟೇ.

2003ರ ಜನವರಿ 26ರಂದು, ಚಾಂದ್ರಮಾನ ಹೊಸ ವರ್ಷಕ್ಕೆ ತೈವಾನಿನ ಮನೆಗೆ ಹೋಗುವವರನ್ನು ಕರೆತರಲು, ಚೈನಾ ಏರ್‌ಲೈನ್ಸ್‌ನ ವಿಶೇಷ ವಿಮಾನ ಶಾಂಘೈನಲ್ಲಿ ಇಳಿಯಿತು. ಅದೂ ಹಾಂಗ್‌ಕಾಂಗಿನ ನೆಲ ಮುಟ್ಟಿಯೇ ಹೋಗಬೇಕಿತ್ತು. 2005ರ ಹಬ್ಬದ ಹೊತ್ತಿಗೆ ಆ ನಿಲುಗಡೆ ತಪ್ಪಿತು, ಚೀನಾದ ವಿಮಾನಗಳಿಗೂ ತೈವಾನಿನಲ್ಲಿ ಇಳಿಯುವ ಅವಕಾಶ ದೊರೆಯಿತು. ಆದರೆ ಹಾಂಗ್‌ಕಾಂಗಿನ ವಾಯುಪ್ರದೇಶ ಬಳಸಿ ಹೋಗುವುದು ತಪ್ಪಲಿಲ್ಲ. 2008ರ ಜುಲೈ 4ರಂದು ವಾರಾಂತ್ಯದ ವಿಮಾನಗಳು ಶುರುವಾದಾಗಲೂ ಉತ್ತರಕ್ಕೆ ಹೊರಟವರು ಮೊದಲು ದಕ್ಷಿಣದ ಕಡೆಗೇ ಹಾರುತ್ತಿದ್ದರು.

ಆ ಬಳಸುದಾರಿ ಕೊನೆಗೊಂಡದ್ದು 2008ರ ಡಿಸೆಂಬರ್ 15ರಂದು. ಅಂದು ಪೂರ್ವ ಚೀನಾ ಸಮುದ್ರದ ಮೇಲಿನ ಹೊಸ ವಾಯುಮಾರ್ಗ ತೆರೆಯಿತು. ನೇರ ಹಡಗು ಸಂಚಾರವೂ ಅಂಚೆಯೂ ಅದೇ ದಿನ ಆರಂಭವಾದವು. ಹಾರಾಟದ ಅವಧಿ ಸುಮಾರು ಒಂದು ಗಂಟೆ ತಗ್ಗಿ 80 ನಿಮಿಷದ ಆಸುಪಾಸಿಗೆ ಬಂತು. 2009ರ ಆಗಸ್ಟ್ 31ರಿಂದ ವಿಶೇಷ ವಿಮಾನಗಳ ಜಾಗದಲ್ಲಿ ನಿಯಮಿತ ಸೇವೆ ಬಂತು. 2010ರ ಜೂನ್ 14ರಂದು ತೈಪೆ ನಗರದೊಳಗಿನ ಸೋಂಗ್‌ಷಾನ್ ಮತ್ತು ಶಾಂಘೈನ ಹಳೆಯ ಹೊಂಗ್‌ಚಿಯಾವ್ ನಿಲ್ದಾಣಗಳ ನಡುವೆ ವಿಮಾನಗಳು ಓಡಾಡತೊಡಗಿದವು. ಬೆಳಿಗ್ಗೆ ತೈಪೆಯಲ್ಲಿ ತಿಂಡಿ ಮುಗಿಸಿ ಹೊರಟವರು ಮಧ್ಯಾಹ್ನದ ಊಟಕ್ಕೆ ಶಾಂಘೈನ ಬಂಧುಗಳ ಮನೆ ಸೇರುವುದು ಸಾಧ್ಯವಾಯಿತು.