ನಿನ್ನೆಗೆ ಹೋಗಲು ಒಲ್ಲೆನೆಂದ ಗಣಕ

ಗಣಕ ಹಟ ಹಿಡಿದರೆ ನಾವೆಲ್ಲ ಮೊದಲು ಮಾಡುವ ಕೆಲಸ, ಒಮ್ಮೆ ಆಫ್ ಮಾಡಿ ಆನ್ ಮಾಡೋದು. ಅದಕ್ಕೂ ಬಗ್ಗದಿದ್ದರೆ ಸಿಸ್ಟಂ ರಿಸ್ಟೋರ್! "ನಿನ್ನೆ ಚೆನ್ನಾಗೇ ಇದ್ದೆಯಲ್ಲ ಮಾರಾಯ, ನಿನ್ನೆಗೇ ವಾಪಸ್ ಹೋಗು" ಅಂತ ಗಣಕಕ್ಕೆ ಹೇಳುವ ಸೌಲಭ್ಯ ಅದು. ಆದರೆ ಆ ರಿಸ್ಟೋರೇ ಕೈಕೊಟ್ಟರೆ? ಅದು ಕೈಕೊಟ್ಟ ಚರಿತ್ರೆಗೆ ಕಾಲು ಶತಮಾನ ತುಂಬಿದೆ ಗೆಳೆಯರೆ...

ಈ ಸೌಲಭ್ಯ ಮೊದಲು ಬಂದದ್ದು 2000ದ ಸೆಪ್ಟೆಂಬರ್‌ನಲ್ಲಿ, ವಿಂಡೋಸ್ ಮಿಲೆನಿಯಂ ಜೊತೆಗೆ. ವ್ಯವಸ್ಥೆಯ ಕಡತಗಳು ಮತ್ತು ರಿಜಿಸ್ಟ್ರಿಯ ನಕಲನ್ನು ಆಗಾಗ ತೆಗೆದಿಟ್ಟುಕೊಂಡು, ಬೇಕಾದಾಗ ಹಿಂದಿನ ಸ್ಥಿತಿಗೆ ಮರಳಿಸುವುದು ಅದರ ಕೆಲಸ. ಒಂದೇ ವರ್ಷ, ಎಡವಿತು. 2001ರ ಸೆಪ್ಟೆಂಬರ್ 8ರ ನಂತರ ಮಾಡಿಟ್ಟ ರಿಸ್ಟೋರ್ ಪಾಯಿಂಟ್‌ಗಳಿಗೆ ಮರಳಲು ಆಗುತ್ತಲೇ ಇರಲಿಲ್ಲ! ಕಾಲದಲ್ಲಿ ಹಿಂದಕ್ಕೆ ಕರೆದೊಯ್ಯಬೇಕಾದ ಯಂತ್ರ ತಾರೀಖಿನ ಲೆಕ್ಕದಲ್ಲೇ ಮುಗ್ಗರಿಸಿತ್ತು. ಕೊನೆಗೆ ಮೈಕ್ರೋಸಾಫ್ಟ್ ಅದಕ್ಕೊಂದು ತೇಪೆ ಕೊಡಬೇಕಾಯ್ತು.

ಅದೇ ವರ್ಷ ಅಕ್ಟೋಬರ್ 25ಕ್ಕೆ ಎಕ್ಸ್‌ಪಿ ಬಂತು. ಕನ್ನಡದವರಿಗೆ ಇದು ದೊಡ್ಡ ಸಂಗತಿ. ತುಂಗಾ ಫಾಂಟ್, ಕನ್ನಡ ಕೀಲಿಮಣೆ ಎರಡೂ ಅದರಲ್ಲೇ ಇದ್ದವು. ಆದರೆ ರೀಜನಲ್ ಸೆಟ್ಟಿಂಗ್‌ಗೆ ಹೋಗಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಅನ್ನೋ ಚೌಕಕ್ಕೆ ಟಿಕ್ ಹಾಕಿ, ಸಿಡಿ ತುರುಕಿದರೆ ಮಾತ್ರ ಒತ್ತಕ್ಷರ ಸರಿಯಾಗಿ ಕೂರುತ್ತಿತ್ತು. ನೆನಪಿದೆಯಾ?

ಎಕ್ಸ್‌ಪಿಯ ರಿಸ್ಟೋರ್ ಡಿಸ್ಕಿನ 12% ಜಾಗದವರೆಗೆ ಬಳಸಿಕೊಳ್ಳುತ್ತಿತ್ತು. ಜಾಗ 50 ಎಂಬಿಗಿಂತ ಕಡಿಮೆಯಾದರೆ ಸದ್ದಿಲ್ಲದೆ ನಿಂತುಹೋಗಿ, ಹಳೆಯ ಪಾಯಿಂಟ್‌ಗಳನ್ನೂ ಅಳಿಸಿಬಿಡುತ್ತಿತ್ತು. ವೈರಸ್ ಹೊಕ್ಕರೆ ಇನ್ನೊಂದು ಫಜೀತಿ. ಅದೂ ಪಾಯಿಂಟ್‌ನೊಳಗೆ ಸೇರಿಕೊಂಡು ಕೂರುತ್ತಿತ್ತು. ತೆಗೆಯಬೇಕಾದರೆ ರಿಸ್ಟೋರನ್ನೇ ಆಫ್ ಮಾಡಬೇಕು, ಆಫ್ ಮಾಡಿದರೆ ಎಲ್ಲ ಪಾಯಿಂಟ್‌ಗಳೂ ಮಾಯ!

ಖಾದಿ ಕೇಂದ್ರದಿಂದ ಹೆಸರಾದ ಬದನವಾಳಿನಲ್ಲಿ ನಮ್ಮ ಮಾವನ ಮನೆಯಲ್ಲಿ ಆಗಿದ್ದೂ ಇದೇ. ಸಿ ಡ್ರೈವ್ ತುಂಬ ಮದುವೆ ವಿಡಿಯೋ. ಒಂದು ದಿನ ಗಣಕ ಹದಗೆಟ್ಟು ರಿಸ್ಟೋರ್ ತೆರೆದರೆ ಕ್ಯಾಲೆಂಡರ್‌ನಲ್ಲಿ ದಪ್ಪಕ್ಷರದ ತಾರೀಖು ಒಂದೂ ಇಲ್ಲ. ಫಾರ್ಮ್ಯಾಟ್ ಬಿಟ್ಟು ದಾರಿಯಿಲ್ಲ ಅಂದ್ರು. ಆಮೇಲೆ ಗಣಕ ಹೊಸದರಂತೆ ಓಡಿತು, ಟಿಕ್ ಹಾಕಿದ ಮೇಲೆ ಕನ್ನಡವೂ ಮೂಡಿತು. ಅಜ್ಜಿ ಹೇಳಿ ಬರೆಸಿದ್ದ ಸೋಬಾನೆ ಪದಗಳ ಕಡತ ಮಾತ್ರ ಬರಲಿಲ್ಲ. ಮತ್ತೆ ಹೇಳೋದಕ್ಕೆ ಅಷ್ಟರಲ್ಲಿ ಅಜ್ಜಿಯೂ ಇರಲಿಲ್ಲ.

2007ರಲ್ಲಿ ವಿಸ್ತಾ ಬಂದಾಗ ಒಳಗಿನ ವಿಧಾನ ಬದಲಾಯ್ತು. ಆದರೆ ಅದೇ ಗಣಕದಲ್ಲಿ ಎಕ್ಸ್‌ಪಿಯನ್ನೂ ಇಟ್ಟುಕೊಂಡು ಒಮ್ಮೆ ಅದಕ್ಕೆ ಬೂಟ್ ಮಾಡಿದರೆ ವಿಸ್ತಾದ ಪಾಯಿಂಟ್‌ಗಳು ಅಳಿಸಿಹೋಗುತ್ತಿದ್ದವು. ಅಣ್ಣನ ಕೈಲಿ ತಮ್ಮನ ಗಂಟು!

ಈಚಿನ ಕಥೆಯೂ ಬೇರೆಯಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಒಂದು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಗಣಕಗಳು ನೀಲಿ ಪರದೆಗೆ ಬಿದ್ದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಕೈಯಲ್ಲೇ ಮಾಡಬೇಕಾಯ್ತು. ಎಷ್ಟೋ ಕಡೆ ಒಂದೊಂದು ಗಣಕದ ಮುಂದೂ ಕೂತು, ರಿಕವರಿಗೆ ಹೋಗಿ, ಕೆಟ್ಟ ಕಡತವನ್ನು ಕೈಯಾರೆ ಅಳಿಸಬೇಕಿತ್ತು. ಬಿಟ್‌ಲಾಕರ್ ಇದ್ದಲ್ಲಿ ಅದರ ಉದ್ದನೆಯ ಕೀಲಿಯೂ ಬೇಕು. ಆ ಕೀಲಿಯ ಪಟ್ಟಿ ಬಿದ್ದುಹೋದ ಸರ್ವರ್‌ನಲ್ಲೇ ಇದ್ದರೆ ಮುಗೀತು ಕಥೆ! 2025ರ ಅಕ್ಟೋಬರ್‌ನಲ್ಲಂತೂ ಒಂದು ಅಪ್‌ಡೇಟ್ ಆದಮೇಲೆ ವಿಂಡೋಸ್ 11ರ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಲಿಮಣೆ, ಮೌಸ್ ಎರಡೂ ಕೆಲಸ ಮಾಡಲಿಲ್ಲ. ಬಾಗಿಲು ಇದೆ, ಚಿಲಕ ತೆಗೆಯೋಕೆ ಕೈ ಇಲ್ಲ. ಆರು ದಿನದಲ್ಲಿ ತುರ್ತು ತೇಪೆ ಬಂತು ಅನ್ನಿ.

ಇಷ್ಟರಲ್ಲೂ ಕಾಣೋದು ಒಂದೇ. ಕಾಯುವವನು ಕಾಯಬೇಕಾದ ಮನೆಯೊಳಗೇ ಮಲಗಿದ್ದಾನೆ. ಮನೆಗೆ ಬೆಂಕಿ ಬಿದ್ದರೆ ಅವನಿಗೂ ಬೀಳುತ್ತೆ.

ಹಾಗಾದರೆ ರಿಸ್ಟೋರ್ ಕೈಕೊಟ್ಟಾಗ ಏನು ನೋಡಬೇಕು? ಸಿಸ್ಟಂ ಪ್ರೊಟೆಕ್ಷನ್ ಆನ್ ಇದೆಯಾ (ವಿಂಡೋಸ್ 10ರಿಂದೀಚೆಗೆ ಅನೇಕ ಗಣಕಗಳಲ್ಲಿ ಅದು ಆಫ್ ಆಗಿಯೇ ಬರುತ್ತೆ), ಡಿಸ್ಕಿನಲ್ಲಿ ಜಾಗ ಇದೆಯಾ, ವಾಲ್ಯೂಮ್ ಶ್ಯಾಡೋ ಕಾಪಿ ಸೇವೆಯನ್ನು ಯಾರಾದರೂ ನಿಲ್ಲಿಸಿದ್ದಾರಾ? ಇವೆಲ್ಲ ಸರಿಯಿದ್ದೂ ಆಗದಿದ್ದರೆ ಇನ್ನೂ ಹಳೆಯ ಪಾಯಿಂಟ್ ಆರಿಸಿ. ಆಂಟಿವೈರಸ್ ಅಡ್ಡ ಬರುತ್ತಿದ್ದರೆ ಸೇಫ್ ಮೋಡ್‌ನಿಂದ ಪ್ರಯತ್ನಿಸಿ.

ಆದರೆ ಒಂದು ಮಾತು. ರಿಸ್ಟೋರ್ ಸರಿಯಾಗಿ ಕೆಲಸ ಮಾಡಿದಾಗಲೂ ಅದು ಕಾಪಾಡೋದು ವಿಂಡೋಸನ್ನು, ನಾವು ಬರೆದದ್ದನ್ನಲ್ಲ. ಅಳಿಸಿದ ಕವಿತೆಯನ್ನು ಅದು ತಂದುಕೊಡೋಲ್ಲ. ಅದಕ್ಕೇ ನಿಮ್ಮ ಬರಹದ ಒಂದು ಪ್ರತಿ ಗಣಕದ ಹೊರಗೆ, ಪೆನ್ ಡ್ರೈವ್‌ನಲ್ಲೋ ಗೆಳೆಯರ ಬಳಿಯೋ ಇರಲಿ. ಅದೂ ಯೂನಿಕೋಡ್‌ನಲ್ಲಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿರೋ ಕಡತ ಇದ್ದರೆ ಈ ಭಾನುವಾರವೇ ಪರಿವರ್ತಿಸಿಬಿಡಿ. ಅಜ್ಜಿಯರ ಹಾಡೇನಾದರೂ ಇದ್ದರೆ ಮೊದಲು ಅದನ್ನು.