ಮೈನಸ್ ಮೂವತ್ತರಿಂದ ಶುರುವಾದ ಆಟ

2008ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ನಾಲ್ಕನೇ ದರ್ಜೆಯ ಫುಟ್‌ಬಾಲ್ ಲೀಗ್ ಶುರುವಾಗುವ ಮೊದಲು ಅಂಕಪಟ್ಟಿ ನೋಡಿದವರಿಗೆ ಅಚ್ಚಿನ ತಪ್ಪೇನಾದರೂ ಆಗಿದೆಯೇ ಅನ್ನಿಸುವಂತಿತ್ತು. ಒಂದು ಪಂದ್ಯವೂ ನಡೆದಿರಲಿಲ್ಲ. ಹೆಚ್ಚಿನ ತಂಡಗಳ ಹೆಸರಿನ ಮುಂದೆ ಸೊನ್ನೆ ಇತ್ತು. ಬೋರ್ನ್‌ಮತ್ ಮತ್ತು ರಾಥರ್‌ಹ್ಯಾಮ್ ತಂಡಗಳ ಮುಂದೆ ಮೈನಸ್ 17. ಎಲ್ಲರಿಗಿಂತ ಕೆಳಗೆ ಲೂಟನ್ ಟೌನ್, ಮೈನಸ್ 30.

ಗೆದ್ದರೆ ಮೂರು ಅಂಕ, ಸಮ ಮಾಡಿಕೊಂಡರೆ ಒಂದು. ಅಂದರೆ ಲೂಟನ್ ಆಟಗಾರರು ಸತತ ಹತ್ತು ಪಂದ್ಯ ಗೆದ್ದರೂ ಉಳಿದವರು ನಿಂತಿದ್ದ ಗೆರೆಗೆ ಬಂದು ನಿಲ್ಲುತ್ತಿದ್ದರು, ಅಷ್ಟೇ. ಆ ಆಟಗಾರರಲ್ಲಿ ಬಹುಪಾಲು ಹೊಸಬರು. ಕ್ಲಬ್ಬಿನ ಮಾಲೀಕರೂ ಹೊಸಬರೇ. ತಪ್ಪು ಮಾಡಿದವರು ಆಗಲೇ ಹೊರಟುಹೋಗಿದ್ದರು. ಹಾಗಾದರೆ ಆ ಮೂವತ್ತು ಅಂಕಗಳನ್ನು ತೆತ್ತವರು ಯಾರು?

ಲಂಡನ್ನಿನಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಲೂಟನ್ ಒಂದು ಕಾಲಕ್ಕೆ ಟೋಪಿಗಳ ಊರು. ಇಲ್ಲಿ ತಯಾರಾಗುತ್ತಿದ್ದ ಹುಲ್ಲಿನ ಟೋಪಿಗಳಿಂದಲೇ ತಂಡಕ್ಕೆ ‘ಹ್ಯಾಟರ್ಸ್’ ಎಂಬ ಅಡ್ಡಹೆಸರು ಬಂತು. ಆಮೇಲೆ ವಾಕ್ಸ್‌ಹಾಲ್ ಕಾರು ಕಾರ್ಖಾನೆ ಊರಿಗೆ ಅನ್ನ ಹಾಕಿತು. ಕ್ಲಬ್ಬು ಹುಟ್ಟಿದ್ದು 1885ರಲ್ಲಿ. 1905ರಿಂದ ಅದರ ಮೈದಾನ ಕೆನಿಲ್ವರ್ತ್ ರೋಡ್. ಸುತ್ತಲಿನ ಬರಿ ಪಾರ್ಕ್ ಬಡಾವಣೆಯಲ್ಲಿ ದಕ್ಷಿಣ ಏಷ್ಯಾದಿಂದ ವಲಸೆ ಬಂದ ಕುಟುಂಬಗಳೇ ಹೆಚ್ಚು. ಮೈದಾನದ ಒಂದು ಬಾಗಿಲು ಸಾಲುಮನೆಗಳ ನಡುವೆ ತೆರೆಯುತ್ತದೆ. ಜನ ಯಾರದೋ ಮಲಗುವ ಕೋಣೆಯ ಕೆಳಗೆ ನುಸುಳಿ, ಮೆಟ್ಟಿಲು ಹತ್ತಿ, ಹಿತ್ತಿಲುಗಳ ಮೇಲಿಂದ ಹಾದು ಆಟ ನೋಡಲು ಹೋಗುತ್ತಾರೆ. 1988ರಲ್ಲಿ ಇದೇ ಸಣ್ಣ ಕ್ಲಬ್ಬು ವೆಂಬ್ಲಿಯಲ್ಲಿ ಆರ್ಸೆನಲ್ ತಂಡವನ್ನು 3-2ರಿಂದ ಸೋಲಿಸಿ ಲೀಗ್ ಕಪ್ ಗೆದ್ದಿತ್ತು.

ಅಂಕ ಕಳೆಯುವ ಶಿಕ್ಷೆ ಅರ್ಥವಾಗಬೇಕಾದರೆ ಮೊದಲು ಒಂದು ಪದವನ್ನು ಬಿಡಿಸಿಕೊಳ್ಳಬೇಕು. ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಒಂದು ಕ್ಲಬ್ಬು ‘ಅಡ್ಮಿನಿಸ್ಟ್ರೇಷನ್‌ಗೆ ಹೋಯಿತು’ ಎಂದು ಬರುತ್ತದೆ. ಇದನ್ನು ಕನ್ನಡಕ್ಕೆ ‘ಆಡಳಿತ’ ಎಂದು ತಂದರೆ ಅರ್ಥ ಕೆಡುತ್ತದೆ. ಆಡಳಿತ ಕುಸಿದಾಗ ಬರುವ ಸ್ಥಿತಿ ಅದು. ಸಾಲ ತೀರಿಸಲಾಗದ ಕಂಪನಿಯನ್ನು ಮಾಲೀಕರ ಕೈಯಿಂದ ತೆಗೆದು, ದಿವಾಳಿ ವ್ಯವಹಾರದಲ್ಲಿ ಪಳಗಿದ ಅಧಿಕಾರಿಯೊಬ್ಬರ ಕೈಗೆ ಕೊಡಲಾಗುತ್ತದೆ. ಆತ ಕೊಳ್ಳುವವರನ್ನು ಹುಡುಕಬೇಕು, ಬಾಕಿ ಬರಬೇಕಾದವರನ್ನು ಒಪ್ಪಿಸಬೇಕು. ಪೌಂಡಿಗೆ ಇಷ್ಟು ಪೆನ್ನಿ ಕೊಡುತ್ತೇವೆ, ಉಳಿದದ್ದನ್ನು ಮರೆತುಬಿಡಿ ಎಂಬುದು ಆ ಒಪ್ಪಂದದ ತಿರುಳು. ಒಟ್ಟು ಬಾಕಿಯ ಶೇ. 75ರಷ್ಟು ಮೊತ್ತದ ಮತ ಬಿದ್ದರೆ ಒಪ್ಪಂದ ಊರ್ಜಿತ.

ಈ ದಾರಿ ತುಂಬ ಅಗಲವಾದದ್ದು 2002ರಲ್ಲಿ. ಫುಟ್‌ಬಾಲ್ ಲೀಗ್‌ಗೆ ಮೂರು ವರ್ಷಕ್ಕೆ 31.5 ಕೋಟಿ ಪೌಂಡ್ ಕೊಡುತ್ತೇನೆಂದಿದ್ದ ಐಟಿವಿ ಡಿಜಿಟಲ್ ಎಂಬ ಟಿವಿ ಸಂಸ್ಥೆ ಆ ವರ್ಷ ನೆಲಕಚ್ಚಿತು. ಬರಲಿರುವ ಹಣವನ್ನು ನಂಬಿ ಆಟಗಾರರಿಗೆ ಸಂಬಳ ಗೊತ್ತು ಮಾಡಿದ್ದ ಕ್ಲಬ್ಬುಗಳು ಒಂದರ ಹಿಂದೊಂದು ಮುಳುಗತೊಡಗಿದವು. ಅದೇ ವರ್ಷ ಲೆಸ್ಟರ್ ಸಿಟಿ ಸುಮಾರು 3 ಕೋಟಿ ಪೌಂಡ್ ಸಾಲದೊಂದಿಗೆ ದಿವಾಳಿ ರಕ್ಷಣೆಗೆ ಹೋಯಿತು, ಸಾಲದ ಭಾರ ಇಳಿಸಿಕೊಂಡಿತು, ಅದೇ ಸೀಸನ್ನಿನಲ್ಲಿ ಪ್ರೀಮಿಯರ್ ಲೀಗ್‌ಗೆ ಬಡ್ತಿಯನ್ನೂ ಪಡೆಯಿತು. ಉಳಿದ ಕ್ಲಬ್ಬುಗಳಿಗೆ ಇದು ಸಹಿಸಲಾರದ ಸಂಗತಿ. ಹಾಸಿಗೆ ಇದ್ದಷ್ಟು ಕಾಲು ಚಾಚಿದವರು ಸೋತರು, ಸಾಲ ಮಾಡಿ ಆಟಗಾರರನ್ನು ಕೊಂಡವರು ಗೆದ್ದರು. ಇದು ಮೋಸವಲ್ಲವೇ ಎಂಬ ಪ್ರಶ್ನೆಗೆ ಉತ್ತರವಾಗಿ 2004ರಲ್ಲಿ ನಿಯಮ ಬಂತು: ದಿವಾಳಿ ರಕ್ಷಣೆಗೆ ಹೋದ ಕ್ಲಬ್ಬಿಗೆ ಹತ್ತು ಅಂಕ ಖೋತಾ. ಮೊದಲು ಈ ಪೆಟ್ಟು ತಿಂದದ್ದು ವೇಲ್ಸ್‌ನ ರೆಕ್ಸಮ್, ಅದೇ ವರ್ಷದ ಡಿಸೆಂಬರಿನಲ್ಲಿ.

ನಿಯಮದ ಹಿಂದಿನ ನ್ಯಾಯ ಸರಿಯಾಗಿಯೇ ಇತ್ತು. ಆದರೆ ಅದರ ಪಕ್ಕದಲ್ಲೇ ಲೀಗಿನ ಇನ್ನೊಂದು ನಿಯಮ ಕೂತಿತ್ತು. ಅದರ ಪ್ರಕಾರ ದಿವಾಳಿಯಾದ ಕ್ಲಬ್ಬು ಆಟಗಾರರ ಸಂಬಳವನ್ನೂ ಬೇರೆ ಕ್ಲಬ್ಬುಗಳ ಬಾಕಿಯನ್ನೂ ಪೂರ್ತಿ ತೀರಿಸಲೇಬೇಕು. ಇಲ್ಲದಿದ್ದರೆ ಲೀಗಿನಲ್ಲಿ ಜಾಗವಿಲ್ಲ. ಟಿಕೆಟ್ ಮುದ್ರಿಸಿದವರು, ಊಟ ತಿಂಡಿ ಒದಗಿಸಿದವರು, ಊರಿನ ಸಣ್ಣ ಗುತ್ತಿಗೆದಾರರು ಮತ್ತು ತೆರಿಗೆ ಇಲಾಖೆ ಮಾತ್ರ ಉಳಿದ ಚೂರುಪಾರನ್ನು ಹಂಚಿಕೊಳ್ಳಬೇಕು. 2003ರಲ್ಲಿ ಕಾನೂನು ಬದಲಾಗಿ ತೆರಿಗೆ ಇಲಾಖೆಯ ಬಾಕಿಗಿದ್ದ ಆದ್ಯತೆಯೂ ಹೋಗಿತ್ತು. ಲಕ್ಷಾಂತರ ಪೌಂಡ್ ಸಂಬಳದ ಆಟಗಾರನಿಗೆ ಪೂರ್ತಿ ದುಡ್ಡು, ಸರ್ಕಾರದ ಖಜಾನೆಗೆ ಚಿಲ್ಲರೆ ಎಂಬ ಲೆಕ್ಕವನ್ನು ಇಲಾಖೆ ಒಪ್ಪಲಿಲ್ಲ. ಕ್ಲಬ್ಬುಗಳ ಇಂಥ ಒಪ್ಪಂದಗಳಿಗೆ ವಿರುದ್ಧವಾಗಿ ಮತ ಹಾಕತೊಡಗಿತು.

ಲೀಗು ಇದಕ್ಕೆ ಕಂಡುಕೊಂಡ ಉತ್ತರವೇ ವಿಚಿತ್ರ. ಬಾಕಿದಾರರ ಒಪ್ಪಂದವಿಲ್ಲದೆ ದಿವಾಳಿ ರಕ್ಷಣೆಯಿಂದ ಹೊರಬಂದ ಕ್ಲಬ್ಬಿಗೆ ಇನ್ನಷ್ಟು ಅಂಕ ಕಳೆಯುವುದು! 2007ರಲ್ಲಿ ಲೀಡ್ಸ್‌ಗೆ 15, ಮರುವರ್ಷ ಬೋರ್ನ್‌ಮತ್ ಮತ್ತು ರಾಥರ್‌ಹ್ಯಾಮ್‌ಗೆ ತಲಾ 17, ಲೂಟನ್‌ಗೆ 20. ತೆರಿಗೆ ಇಲಾಖೆಯ ಜಗಳ ಇದ್ದದ್ದು ಲೀಗಿನ ನಿಯಮದ ಜೊತೆ. ಏಟು ಬಿದ್ದದ್ದು ನಡುವೆ ಸಿಕ್ಕಿದ ಕ್ಲಬ್ಬುಗಳಿಗೆ. 2012ರಲ್ಲಿ ಇಲಾಖೆ ಆ ನಿಯಮವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿ ಸೋತಿತು.

ಲೂಟನ್ನಿನ ಇನ್ನುಳಿದ ಹತ್ತು ಅಂಕ ಕಳೆದದ್ದು ಫುಟ್‌ಬಾಲ್ ಅಸೋಸಿಯೇಷನ್. ಹಿಂದಿನ ಆಡಳಿತ ಮಂಡಳಿಯ ಕಾಲದಲ್ಲಿ ಆಟಗಾರರ ಏಜೆಂಟರಿಗೆ ಕ್ಲಬ್ಬಿನ ಮೂಲಕ ಕೊಡಬೇಕಾದ ಹಣವನ್ನು ಅದರ ಮಾತೃ ಕಂಪನಿಯ ಮೂಲಕ ಕೊಡಲಾಗಿತ್ತು. ಕ್ಲಬ್ಬನ್ನು ಎತ್ತಿ ನಿಲ್ಲಿಸಲು ಮುಂದೆ ಬಂದದ್ದು ‘ಲೂಟನ್ ಟೌನ್ 2020’ ಎಂಬ ಹೆಸರಿನ ಅಭಿಮಾನಿಗಳ ಕೂಟ. ಅವರ ಮುಖಂಡ ಟಿವಿ ನಿರೂಪಕ ನಿಕ್ ಓವೆನ್. ಅವರ ಕೈಗೆ ಬಂದದ್ದು ಎರಡು ವರ್ಷದಲ್ಲಿ ಎರಡು ದರ್ಜೆ ಕೆಳಗಿಳಿದ ತಂಡ, ಜೊತೆಗೆ ಮೈನಸ್ 30.

ಆ ಸೀಸನ್ನಿನಲ್ಲಿ ಲೂಟನ್ 13 ಪಂದ್ಯ ಗೆದ್ದಿತು, 17 ಸಮ ಮಾಡಿಕೊಂಡಿತು. ಮೈದಾನದಲ್ಲಿ ಗಳಿಸಿದ ಅಂಕ 56. ಪಟ್ಟಿಯ ಮಧ್ಯದಲ್ಲಿ ಮರ್ಯಾದೆಯಿಂದ ಕೂರಲು ಅಷ್ಟು ಸಾಕಿತ್ತು. ಮೂವತ್ತು ಕಳೆದಾಗ ಉಳಿದದ್ದು 26, ಕೊನೆಯ ಸ್ಥಾನ. 2009ರ ಏಪ್ರಿಲ್ 5ರಂದು ಕೆಳದರ್ಜೆಯ ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಟ್ರೋಫಿಯ ಫೈನಲ್‌ಗೆ ಸುಮಾರು 40,000 ಲೂಟನ್ ಅಭಿಮಾನಿಗಳು ವೆಂಬ್ಲಿಗೆ ಹೋದರು. ಸ್ಕಂತೋರ್ಪ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಗೆಲುವು, ಮತ್ತೆ ಅದೇ 3-2. ತಂಡದ ಮ್ಯಾನೇಜರ್ ಮಿಕ್ ಹಾರ್ಫರ್ಡ್ 1988ರ ಆ ಗೆಲುವಿನಲ್ಲಿ ಆಡಿದವರು. ಎಂಟು ದಿನದ ನಂತರ ಚೆಸ್ಟರ್‌ಫೀಲ್ಡ್ ಜೊತೆ ಗೋಲಿಲ್ಲದ ಡ್ರಾ. ಅಲ್ಲಿಗೆ ಲೂಟನ್ ಲೀಗಿನಿಂದಲೇ ಹೊರಬಿತ್ತು.

ವನವಾಸ ಐದು ವರ್ಷದ್ದು. ಬಡ್ತಿಯ ಬಾಗಿಲು ಮೂರು ಸಲ ಪ್ಲೇ-ಆಫ್‌ನಲ್ಲಿ ಮುಚ್ಚಿತು. ಅದರಲ್ಲೊಮ್ಮೆ, 2011ರಲ್ಲಿ, ಪೆನಾಲ್ಟಿಯಲ್ಲಿ ಸೋಲಿಸಿದ್ದು ಎಎಫ್‌ಸಿ ವಿಂಬಲ್ಡನ್. ತಮ್ಮ ಊರಿನ ಕ್ಲಬ್ಬನ್ನು ಮಾಲೀಕರು ಬೇರೆ ಊರಿಗೆ ಒಯ್ಯಲು ಹೊರಟಾಗ ಅಭಿಮಾನಿಗಳೇ 2002ರಲ್ಲಿ ಕಟ್ಟಿದ ತಂಡ ಅದು. ಜಾನ್ ಸ್ಟಿಲ್ ಅವರ ಉಸ್ತುವಾರಿಯಲ್ಲಿ 2014ರಲ್ಲಿ ಲೂಟನ್ 101 ಅಂಕ ಗಳಿಸಿ ಲೀಗಿಗೆ ಮರಳಿತು. 2018ರಲ್ಲಿ ಒಂದು ಮೆಟ್ಟಿಲು, 2019ರಲ್ಲಿ ಇನ್ನೊಂದು. 2023ರ ಮೇ 27ರಂದು ಪ್ರೀಮಿಯರ್ ಲೀಗಿನ ಬಾಗಿಲಲ್ಲಿ ಎದುರಿಗೆ ನಿಂತದ್ದು ಕೊವೆಂಟ್ರಿ ಸಿಟಿ. 2013ರಲ್ಲಿ ಎರಡು ಬಾರಿ ಹತ್ತು ಹತ್ತು ಅಂಕ ಕಳೆದುಕೊಂಡು, ಸ್ವಂತ ಊರಿನಲ್ಲಿ ಮೈದಾನವಿಲ್ಲದೆ ನಾರ್ಥಾಂಪ್ಟನ್‌ನಲ್ಲಿ ಆಡಿದ್ದ ಕ್ಲಬ್ಬು ಅದು. ಶಿಕ್ಷೆ ಉಂಡ ಇಬ್ಬರ ನಡುವಿನ ಪಂದ್ಯ 1-1ರಲ್ಲಿ ನಿಂತು, ಪೆನಾಲ್ಟಿಯಲ್ಲಿ 6-5ಕ್ಕೆ ಲೂಟನ್ ಪಾಲಾಯಿತು. ಮರುವರ್ಷ ಪ್ರೀಮಿಯರ್ ಲೀಗಿನಿಂದ ಕೆಳಗಿಳಿದಾಗ ಲೂಟನ್ನಿನ ಅಂಕ ಎಷ್ಟು? ಸರಿಯಾಗಿ 26. ಈ ಸಲ ಯಾರೂ ಏನನ್ನೂ ಕಳೆದಿರಲಿಲ್ಲ.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಶಿಕ್ಷೆ ಕ್ಲಬ್ಬನ್ನು ತಿದ್ದಿತು ಎಂಬ ನೀತಿಪಾಠ ಸಿಗುತ್ತದೆ. ಆದರೆ ಲೂಟನ್ ಹುಟ್ಟಿದ ವರ್ಷವೇ ಹುಟ್ಟಿದ ಇನ್ನೊಂದು ಕ್ಲಬ್ಬಿದೆ, ಮ್ಯಾಂಚೆಸ್ಟರಿನ ಮಗ್ಗುಲಿನ ಬರಿ. 1903ರ ಎಫ್‌ಎ ಕಪ್ ಫೈನಲ್‌ನಲ್ಲಿ ಡರ್ಬಿಯನ್ನು 6-0ರಿಂದ ಸೋಲಿಸಿದ ಕ್ಲಬ್ಬು. 2018ರ ಡಿಸೆಂಬರಿನಲ್ಲಿ ಅದು ಒಂದು ಪೌಂಡಿಗೆ ಕೈಬದಲಾಯಿತು. 2019ರ ಬೇಸಿಗೆಗೆ ಆಟಗಾರರು ತಂಡಕ್ಕೆ ಬಡ್ತಿ ತಂದುಕೊಟ್ಟರು. ಬಾಕಿದಾರರೊಂದಿಗೆ ಒಪ್ಪಂದ ಮಾಡಿಕೊಂಡದ್ದಕ್ಕೆ 12 ಅಂಕ ಖೋತಾ ಆಯಿತು. ಆ ಅಂಕಗಳನ್ನು ತುಂಬಿಕೊಳ್ಳಲು ಒಂದು ಪಂದ್ಯವೂ ಸಿಗಲಿಲ್ಲ. ಹಣವಿದೆ ಎಂಬುದಕ್ಕೆ ಪುರಾವೆ ಬಾರದೆ ಲೀಗು ಪಂದ್ಯಗಳನ್ನು ಒಂದೊಂದಾಗಿ ತಡೆಹಿಡಿಯಿತು. ಆಗಸ್ಟ್ 27ರಂದು, ಕೊನೆಯ ಗಳಿಗೆಯಲ್ಲಿ ಕೊಳ್ಳುವವರು ಸಿಗಬಹುದೆಂದು ನಂಬಿದ ನೂರಾರು ಜನ ಪೊರಕೆ, ಬಕೆಟ್ ಹಿಡಿದು ಗಿಗ್ ಲೇನ್ ಮೈದಾನಕ್ಕೆ ಬಂದು ಕುರ್ಚಿ ಒರೆಸಿದರು. ಅದೇ ರಾತ್ರಿ, 1894ರಿಂದ ಲೀಗಿನಲ್ಲಿದ್ದ ಬರಿಯನ್ನು ಹೊರಹಾಕಲಾಯಿತು.

ಲೂಟನ್ನನ್ನು ಉಳಿಸಿದ್ದು ಶಿಕ್ಷೆಯಲ್ಲ, ಶಿಕ್ಷೆಯ ಆಚೆಗೂ ಕ್ಲಬ್ಬನ್ನು ಹಿಡಿದುಕೊಂಡ ಕೈಗಳು. ಅಂಕ ಕಳೆಯುವ ನಿಯಮ ಉಳಿದ ಕ್ಲಬ್ಬುಗಳಿಗೆ ನ್ಯಾಯ ಕೊಡಬಹುದು. ಆದರೆ ಅದು ಎಲ್ಲ ಮುಗಿದ ಮೇಲೆ ಬರುತ್ತದೆ, ಮತ್ತು ಬರುವ ಹೊತ್ತಿಗೆ ಮಾಲೀಕ ಜಾಗ ಖಾಲಿ ಮಾಡಿರುತ್ತಾನೆ. ಟಿಕೆಟ್ ಕೊಂಡವನು ಎಲ್ಲಿಗೂ ಹೋಗಲಾರ. ಬೇರೆ ಅಂಗಡಿಗೆ ಹೋದಷ್ಟು ಸುಲಭವಾಗಿ ಯಾರೂ ಬೇರೆ ತಂಡಕ್ಕೆ ಹೋಗುವುದಿಲ್ಲ. ಒಬ್ಬರ ಜೇಬನ್ನೇ ನೆಚ್ಚಿಕೊಂಡ ಕ್ಲಬ್ಬಿನ ಆಯಸ್ಸು ಆ ಜೇಬಿನಷ್ಟೇ.

ಬರಿ ಪ್ರಕರಣದ ಕಾವಿನಲ್ಲಿ ಶುರುವಾದ ಚರ್ಚೆ ಸಂಸದೆ ಟ್ರೇಸಿ ಕ್ರೌಚ್ ಅವರ 2021ರ ವರದಿಗೆ, ಕೊನೆಗೆ 2025ರ ಫುಟ್‌ಬಾಲ್ ಆಡಳಿತ ಕಾಯಿದೆಗೆ ಬಂದು ಮುಟ್ಟಿತು. ಇನ್ನು ಸ್ವತಂತ್ರ ನಿಯಂತ್ರಕರು ಕ್ಲಬ್ಬುಗಳಿಗೆ ಪರವಾನಗಿ ಕೊಡುತ್ತಾರೆ, ಕೊಳ್ಳಲು ಬಂದವರ ಕೈ ಶುದ್ಧವಿದೆಯೇ ಎಂದು ಮೊದಲೇ ನೋಡುತ್ತಾರೆ. ಲೂಟನ್ ಅದಕ್ಕೂ ಮೊದಲೇ ಎಚ್ಚೆತ್ತಿತ್ತು. 2014ರಲ್ಲಿಯೇ ಕ್ಲಬ್ಬಿನ ಹೆಸರು, ಬಣ್ಣ, ಲಾಂಛನವನ್ನು ಅಭಿಮಾನಿಗಳ ಟ್ರಸ್ಟಿನ ಒಪ್ಪಿಗೆಯಿಲ್ಲದೆ ಯಾರೂ ಬದಲಿಸದಂತೆ ಕಾನೂನಿನಲ್ಲಿ ಬರೆಸಿಟ್ಟಿತು.

ಗಿಗ್ ಲೇನ್‌ನಲ್ಲಿ 2023ರಲ್ಲಿ ಮತ್ತೆ ಬರಿ ಹೆಸರಿನ ತಂಡ ಆಡಿತು, ಒಂಬತ್ತನೇ ದರ್ಜೆಯಲ್ಲಿ. ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಸೊನ್ನೆ ಇತ್ತು. ನಾಲ್ಕು ವರ್ಷ ಕಾದವರಿಗೆ ಆ ಸೊನ್ನೆಯೇ ದೊಡ್ಡದು.