ಮಿತ್ರ ಸರ್ಕಾರಗಳೂ ಸೈನಿಕ ರಹಸ್ಯಗಳೂ : ಬ್ರಿಟನ್ ಮತ್ತು ಅಮೆರಿಕ, ೧೯೪೦–೪೬

ಯುದ್ಧಕಾಲದಲ್ಲಿ ಮಿತ್ರ ಸರ್ಕಾರಗಳು ತಮ್ಮ ಸೈನಿಕ ರಹಸ್ಯಗಳನ್ನು ಹಂಚಿಕೊಳ್ಳುವುದು ಪರಸ್ಪರ ಸೌಹಾರ್ದದ ಫಲವೆಂದು ಭಾವಿಸುವುದು ವಾಡಿಕೆ. ದ್ವಿತೀಯ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ನಡುವೆ ನಡೆದ ವ್ಯವಹಾರವನ್ನು ಪರಿಶೀಲಿಸಿದರೆ, ಅದು ಆಯಾ ಕಾಲದ ಬಲಾಬಲವನ್ನೇ ಹೆಚ್ಚಾಗಿ ಅನುಸರಿಸಿತೆಂದು ನಮಗೆ ತೋರುತ್ತದೆ.

೧೯೪೦ರ ಜೂನ್ ತಿಂಗಳಲ್ಲಿ ಫ್ರಾನ್ಸು ಶರಣಾಗತವಾಯಿತು. ಬ್ರಿಟನ್ನಿನ ಬಳಿ ವಿಜ್ಞಾನವಿತ್ತು. ಅದನ್ನು ಬೇಕಾದಷ್ಟು ಪ್ರಮಾಣದಲ್ಲಿ ಯಂತ್ರರೂಪಕ್ಕೆ ತರುವ ಕಾರ್ಖಾನೆಗಳ ಬಲವಿರಲಿಲ್ಲ. ಸೆಪ್ಟೆಂಬರಿನಲ್ಲಿ ಸರ್ ಹೆನ್ರಿ ಟಿಜಾರ್ಡರ ನಿಯೋಗವು, ಅಂದಿಗೆ ಇನ್ನೂ ತಟಸ್ಥವಾಗಿದ್ದ ಅಮೆರಿಕಕ್ಕೆ, ಒಂದು ಕಪ್ಪು ತಗಡಿನ ಪೆಟ್ಟಿಗೆಯನ್ನು ಒಯ್ದಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬವರು ರೂಪಿಸಿದ್ದ ಮ್ಯಾಗ್ನೆಟ್ರಾನಿನ ಮಾದರಿಯೊಂದು ಅದರೊಳಗಿತ್ತು. ವಿಮಾನವೇ ಹೊತ್ತೊಯ್ಯಬಹುದಾದ, ೧೦ ಸೆಂಟಿಮೀಟರ್ ಅಲೆಯುದ್ದದ ರೇಡಾರ್ ಇದರಿಂದ ಸಾಧ್ಯವಾಯಿತು. ಇಂಥದನ್ನು ಬ್ರಿಟನ್ ಪ್ರತಿಫಲದ ಕರಾರಿಲ್ಲದೆ ಕೊಟ್ಟಿತು. ಅಮೆರಿಕವಾದರೋ ಬಾಂಬುಗಳನ್ನು ಗುರಿಯಿಟ್ಟು ಹಾಕುವ ತನ್ನ ನಾರ್ಡನ್ ಯಂತ್ರವನ್ನು ಕೊಡಲು ಒಪ್ಪಲಿಲ್ಲ. ಬ್ರಿಟನ್ನಿನ ಈ ನಡೆಯನ್ನು ಔದಾರ್ಯವೆನ್ನುವುದಕ್ಕಿಂತ ಗತ್ಯಂತರವಿಲ್ಲದವರ ವಿವೇಕವೆನ್ನುವುದು ಯುಕ್ತ.

ಪರಮಾಣು ಬಾಂಬಿನ ವಿಷಯದಲ್ಲಿ ಈ ವಿವೇಕವೂ ಉಳಿಯಲಿಲ್ಲ. ಅಂಥ ಬಾಂಬು ಸಾಧ್ಯವೆಂದು ಬ್ರಿಟಿಷ್ ವಿಜ್ಞಾನಿಗಳ ಸಮಿತಿಯು ೧೯೪೧ರಲ್ಲಿ ನಿರ್ಣಯಿಸಿತು. ಅದೇ ಅಕ್ಟೋಬರಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟರು, ಈ ಕಾರ್ಯವನ್ನು ಜೊತೆಗೂಡಿ ನಡೆಸಬಹುದೆಂದು ಚರ್ಚಿಲರಿಗೆ ಬರೆದರು. ತಾನೇ ಮುಂದಿರುವೆನೆಂಬ ಭಾವನೆಯಿಂದ ಬ್ರಿಟನ್ ಮೀನಮೇಷ ಎಣಿಸಿತು. ೧೯೪೩ರ ಜನವರಿಯ ವೇಳೆಗೆ ಬಹುದೂರ ಮುಂದೆ ಸಾಗಿದ್ದ ಅಮೆರಿಕವು ಮಾಹಿತಿಯನ್ನು ತಡೆಹಿಡಿಯಿತು, ಕೊಟ್ಟವರೇ ಬೇಡುವವರಾದರು. ಆಗಸ್ಟ್ ೧೯ರ ಕ್ವಿಬೆಕ್ ಒಪ್ಪಂದದಿಂದ ಸಹಕಾರವೇನೋ ಮರಳಿ ದೊರೆಯಿತು. ಆದರೆ ಯುದ್ಧಾನಂತರದ ಕೈಗಾರಿಕಾ ಲಾಭದಲ್ಲಿ ತನ್ನ ಪಾಲೆಷ್ಟೆಂಬುದನ್ನು ಬ್ರಿಟನ್ ಅಮೆರಿಕದ ಅಧ್ಯಕ್ಷರ ವಿವೇಚನೆಗೆ ಬಿಡಬೇಕಾಯಿತು.

ಜಪಾನಿನ ಸೋಲಿನ ಅನಂತರವೂ ಸಹಕಾರವು ಮುಂದುವರಿಯತಕ್ಕದ್ದೆಂದು ಉಭಯ ನಾಯಕರೂ ೧೯೪೪ರ ಸೆಪ್ಟೆಂಬರಿನಲ್ಲಿ ಹೈಡ್ ಪಾರ್ಕಿನಲ್ಲಿ ಒಂದು ಟಿಪ್ಪಣಿಗೆ ಅಂಕಿತ ಹಾಕಿದರು. ಮರುವರ್ಷ ಏಪ್ರಿಲಿನಲ್ಲಿ ರೂಸ್‌ವೆಲ್ಟರು ತೀರಿಕೊಂಡ ಮೇಲೆ ಹುಡುಕಿದರೆ, ಅಮೆರಿಕದ ಪ್ರತಿಯೇ ಸಿಕ್ಕಲಿಲ್ಲ! ಬಾಂಬಿನ ಯೋಜನೆಗೆ ಬ್ರಿಟಿಷರು ಇಟ್ಟಿದ್ದ ಗುಪ್ತನಾಮ ‘ಟ್ಯೂಬ್ ಅಲಾಯ್ಸ್’, ಎಂದರೆ ಕೊಳವೆಯ ಮಿಶ್ರಲೋಹ. ಇದಾವುದೋ ಹಡಗಿನ ಸಂಗತಿಯೆಂದು ಟಿಪ್ಪಣಿಯು ನೌಕಾಪಡೆಯ ಕಾಗದಪತ್ರಗಳೊಳಗೆ ಸೇರಿಹೋಗಿತ್ತು. ಶತ್ರುವಿನಿಂದ ಮರೆಮಾಡಲು ಇಟ್ಟ ಹೆಸರು ಮಿತ್ರನ ಕಚೇರಿಯಲ್ಲಿಯೇ ಮರೆಮಾಡಿತು.

ಕ್ವಿಬೆಕ್ ಒಪ್ಪಂದವನ್ನು ಅಮೆರಿಕದ ಕಾಂಗ್ರೆಸ್ಸಿಗೂ ತಿಳಿಸಿರಲಿಲ್ಲ. ಆದಕಾರಣ ಅದರ ಸದಸ್ಯರು ೧೯೪೬ರಲ್ಲಿ ಮ್ಯಾಕ್‌ಮಹಾನ್ ಕಾಯಿದೆಯನ್ನು ಅಂಗೀಕರಿಸಿ, ಪರಮಾಣು ಮಾಹಿತಿಯನ್ನು ಬ್ರಿಟನ್ನೂ ಸೇರಿದಂತೆ ಸಕಲ ಪರರಾಷ್ಟ್ರಗಳಿಗೂ ನಿಷೇಧಿಸಿದಾಗ, ತಾವು ಯಾವ ಮಾತನ್ನು ಮುರಿಯುತ್ತಿರುವೆವೆಂಬುದನ್ನು ಅರಿತಿರಲಿಲ್ಲ. ೧೯೪೭ರ ಜನವರಿಯಲ್ಲಿ ಅಟ್ಲಿಯವರ ಸರ್ಕಾರವು ಸ್ವಂತ ಬಾಂಬನ್ನು ನಿರ್ಮಿಸಲು ಗುಪ್ತವಾಗಿ ನಿಶ್ಚಯಿಸಿತು.